ನಾಲ್ಕು ಸೆಕೆಂಡು

ಮಾರ್ಚ್ 4
ಲ್ಯಾಬಿನಲ್ಲಿ ಬಲ ಪರೀಕ್ಷೆಗೆ ಆರು ತುಂಡು ಎಳೆದು ಮುರಿಯಬೇಕಿತ್ತು. ಗಟ್ಟಿ ಅಲ್ಯೂಮಿನಿಯಂ ಹಲಗೆಯಿಂದ ಕೊಯ್ದವು. ಮೂರು ಉದ್ದದ ದಿಕ್ಕಿಗೆ, ಮೂರು ದಪ್ಪದ ದಿಕ್ಕಿಗೆ. ನೋಡಲು ಎಲ್ಲ ಒಂದೇ, ಮಾರ್ಕರ್ ಗುರುತೇ ಗತಿ. ಜಿಡ್ಡು ಕಂಡು ಅಸಿಟೋನ್ ಹಾಕಿ ಒರೆಸಿದೆ. ಗುರುತೂ ಹೋಯಿತು! ಹೊಸಬರಿಗೆ "ಮಾರ್ಕರ್ ಮೇಲೆ ಅಸಿಟೋನ್ ಹಾಕ್ಬೇಡ್ರೋ" ಎಂದು ಗದರುವವಳು ನಾನೇ. ಹೇಳಿದರೆ ನಗುತ್ತಾರೆ. ಊಹೆಯ ಮೇಲೆ ಮತ್ತೆ ಬರೆದೆ. ಯಾರೂ ನೋಡಲಿಲ್ಲ.

ಮಾರ್ಚ್ 5
"ಉದ್ದದ" ಎರಡು ತುಂಡು ಅರ್ಧ ಲೋಡಿಗೇ ಎರಡಾದವು. ಮುರಿದ ಮುಖ ಪದರ ಪದರ, ಸೌದೆ ಸೀಳಿದ ಹಾಗೆ. ಸಹಜವಾಗಿಯೇ ಬಲ ಕಡಿಮೆ ಇರುವ ದಪ್ಪದ ದಿಕ್ಕಿನದು ಮಾತ್ರ ಹಾಗೆ ಒಡೆಯುತ್ತದೆ. ಅಂದರೆ ಅದಲುಬದಲು ಮಾಡಿದ್ದೇನೆ. ಆದರೂ ರಿಪೋರ್ಟ್ ಕಳಿಸಿಬಿಟ್ಟೆ. "ದಪ್ಪದ" ಎರಡು ಅಷ್ಟು ಚೆನ್ನಾಗಿ ಬಂದದ್ದು ಹೇಗೆಂದು ಯಾರೂ ಕೇಳಲಿಲ್ಲ. ಪಾಸಾದ ಅಂಕಿ ಯಾರಿಗೆ ಬೇಕು...

ಮಾರ್ಚ್ 9
ರಿಪೋರ್ಟ್ ನೋಡಿ ಮ್ಯಾನೇಜರ್ ಕೆಂಡಾಮಂಡಲ. ಕುಲುಮೆಯದೇ ತಪ್ಪಂತೆ. ಕಾದ ಹಲಗೆ ನೀರಿಗೆ ಬೀಳುವುದು ತಡವಾಗಿ ಲೋಹ ಕೆಟ್ಟಿದೆಯಂತೆ. ಕುಲುಮೆ ನೋಡುವವರು ನಮ್ಮ ಭಾವ, ಅಕ್ಕನ ಗಂಡ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವರು.
"ನನ್ನ ಕೈ ತಡ ಆಗಲ್ಲ ಸಾರ್" ಎಂದರು, ಎಲ್ಲರ ಮುಂದೆ. ನಾನು ತೆಪ್ಪಗೆ ನಿಂತಿದ್ದೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಮಾರ್ಚ್ 17
ಅಕ್ಕನ ಮನೆಯಲ್ಲಿ ಊಟ. ಭಾವ ಅನ್ನ ಕಲಸುತ್ತಲೇ ಇದ್ದರು, ತಿನ್ನಲಿಲ್ಲ.
"ಅವತ್ತು ಮೊಣಕಾಲು ನೋವಿತ್ತು ಕಣಮ್ಮ. ಒಂದ್ ನಾಲ್ಕು ಸೆಕೆಂಡು ತಡ ಆಗಿರ್ಬೋದು. ಒಪ್ಕೊಂಡು ಸೈನ್ ಹಾಕ್ಬಿಟ್ಟೆ."
ಕುಲುಮೆ ಬಿಡಿಸಿ ಗೇಟು ಕಾಯಲು ಹಾಕುತ್ತಾರಂತೆ.
ಅಕ್ಕ ಅಂದಳು, "ನೀನಾದ್ರೂ ಹೇಳೇ, ತಪ್ಪು ಯಾರಿಗಾದ್ರೂ ಆಗುತ್ತೆ ಅಂತ."
ಹೇಳಿದೆ. ಅವರಿಗೇ ಸಮಾಧಾನ ಹೇಳಿಬಂದೆ! ಥೂ, ನನ್ನ ಜನ್ಮಕ್ಕಿಷ್ಟು. ನಾಚಿಕೆಗೆ ಕನ್ನಡಿ ನೋಡಲಾಗುತ್ತಿಲ್ಲ.

ಮಾರ್ಚ್ 18, ಮಧ್ಯಾಹ್ನ 1.00
ಭಾವ ಲ್ಯಾಬಿಗೆ ಬಂದರು. "ನಾಳೆಯಿಂದ ಗೇಟು. ನನ್ನ ತಪ್ಪು ಒಂದ್ಸಲ ಕಣ್ಣಾರೆ ನೋಡ್ಬೇಕು, ತುಂಡು ತೋರ್ಸಮ್ಮ."
ಡ್ರಾಯರ್ ಎಳೆದೆ. "ಉದ್ದದ" ಎಂದು ಬರೆದ ತುಂಡನ್ನು ಕಿಟಕಿ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಪದರ ಸವರಿದರು. ತುಂಬಾ ಹೊತ್ತು.
"ಇದು ದಪ್ಪದ ದಿಕ್ಕಿಂದಲ್ವೇನಮ್ಮ?"
ತುಂಡನ್ನು ಅಲ್ಲೇ ಇಟ್ಟು, ಡ್ರಾಯರ್ ಅವರೇ ಮುಚ್ಚಿದರು.
"ಊಟ ಆಯ್ತಾ?" ಎಂದಷ್ಟೇ ಕೇಳಿ ಹೊರಟರು.

4.10
ಮ್ಯಾನೇಜರ್ ಬಾಗಿಲ ಮುಂದೆ ಬೆಂಚಿನ ಮೇಲೆ. ತುಂಡುಗಳು ಮಡಿಲಲ್ಲಿ. ಮರೆಯಬಾರದೆಂದು ಮೊದಲ ಮಾತು ಬರೆದುಕೊಳ್ಳುತ್ತಿದ್ದೇನೆ — ಭಾವ ಒಂದು ಸೆಕೆಂಡೂ ತಡ ಮಾಡಿಲ್ಲ ಸಾರ್. ತಡ ಮಾಡಿದ್ದು ನಾನು, ಹದಿನಾಲ್ಕು ದಿನ. ಕರೆದರು. ಹೋಗುತ್ತಿದ್ದೇನೆ.