ಸಹಿ ಮಾಡಿದ ಸಾಲು

ನನ್ನ ಅವ್ವನಿಗೆ,

ಮೊದಲೇ ಹೇಳಿಬಿಡುತ್ತೇನೆ, ಬೈಯುವುದಿದ್ದರೆ ಬೈದುಬಿಡು. ನಿನ್ನ ನೀಲಿ ನೋಟ್‌ಬುಕ್ಕನ್ನು ಸೈನ್ಯದವರ ಕೈಗೆ ಕೊಟ್ಟೆ. ಝೆರಾಕ್ಸ್ ಅಲ್ಲ, ಅಸಲನ್ನೇ ಕೊಟ್ಟೆ. ವೆಲ್ಲಿಂಗ್ಟನ್ ಹತ್ತಿರದ ಪೊರಿರುವಾದ ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ದಾರ ಕಟ್ಟಿ ತೂಗುಹಾಕಿದ್ದೆಯಲ್ಲ, ಅಪ್ಪನ ಬಿಪಿ, ನನ್ನ ಜ್ವರ, ನಿನ್ನ ಶುಗರ್ ಎಲ್ಲ ಬರೆಯುತ್ತಿದ್ದೆಯಲ್ಲ, ಅದೇ. ಅಪ್ಪ ಬೇಡ ಅಂದ. ನಾನು ಕೇಳಲಿಲ್ಲ. ನಿನ್ನ ಮಗಳು ಯಾವತ್ತು ಯಾರ ಮಾತು ಕೇಳಿದ್ದಾಳೆ, ಒಂದು ಸಲ ಬಿಟ್ಟು? ಆ ಒಂದು ಸಲದ್ದೇ ಈ ಪತ್ರ.

ನೀನು ಮುದುಕರ ರೆಸ್ಟ್ ಹೋಮಿಗೆ ಡ್ಯೂಟಿಗೆ ಹೊರಡುವ ಹೊತ್ತು ನೆನಪಾಗುತ್ತದೆ. ಗದಗಿನಲ್ಲಿ ನರ್ಸಿಂಗ್ ಕಲಿತವಳು, ಹತ್ತು ವರ್ಷದ ನನ್ನ ಕೈ ಹಿಡಿದುಕೊಂಡು ಈ ಊರಿಗೆ ಬಂದವಳು, ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಲೇ ಅಪ್ಪನಿಗೆ ಹ್ಯಾಂಡೋವರ್ ಕೊಡುತ್ತಿದ್ದೆ. ವಾರ್ಡಿನಲ್ಲಿ ಒಬ್ಬ ನರ್ಸ್ ಮುಂದಿನವಳಿಗೆ ಒಪ್ಪಿಸಿ ಹೋಗುವ ಹಾಗೆ. "ರೀ, ಅನ್ನ ಆಗೇತಿ, ಸಾರು ಬಿಸಿ ಮಾಡ್ಕೋರಿ. ರೂತಿಗೆ ಜ್ವರ ನೂರಾ ಒಂದು, ಗುಳಿಗಿ ನಾಕಕ್ಕ ಕೊಟ್ಟೀನಿ, ಇನ್ನ ಎಂಟಕ್ಕ ಕೊಡ್ರಿ." ಅಪ್ಪ ಬರೀ ಹೂಂ ಅಂದರೆ ಸಾಲದು, ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. "ಬರದಿಲ್ಲ ಅಂದ್ರ ಆಗಿಲ್ಲ" ಅನ್ನುತ್ತಿದ್ದೆ. ತಪ್ಪು ಬರೆದರೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಕಾಣಬೇಕು. ನಾನೊಮ್ಮೆ ವೈಟ್ನರ್ ಹಚ್ಚಿದ್ದಕ್ಕೆ "ಕೈ ಮುರಿತೀನಿ ನೋಡು" ಅಂದಿದ್ದೆ. ಇಷ್ಟೆಲ್ಲ ನಿಯಮ ಹೇಳಿದವಳು ಆ ಶನಿವಾರ ಏನು ಮಾಡಿದೆ, ಅವ್ವ?

ಆ ಶನಿವಾರ ನಾನು ಸೈನ್ಯದ ತರಬೇತಿಯಿಂದ ಎರಡು ದಿನದ ರಜೆಗೆ ಬಂದಿದ್ದೆ. ಬೆನ್ನ ಮೇಲೆ ಪ್ಯಾಕ್ ಹೊತ್ತು ನಡೆಯುವ ಮಾರ್ಚಿನಲ್ಲಿ, ಹುಲ್ಲು ಮುಚ್ಚಿದ ಕೊರಕಲಿನಲ್ಲಿ ಎಡಮಗ್ಗುಲಿಗೆ ಬಿದ್ದು ಐದು ದಿನವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಗೇಟಿನಿಂದ ಬಾಗಿಲತನಕ ನಾಲ್ಕು ಹೆಜ್ಜೆ ಸರಿಯಾಗಿ ಇಡೋಣವೆಂದು ಹಲ್ಲು ಕಚ್ಚಿ ನಡೆದೆ. ನೀನು ಕಿಟಕಿಯಿಂದಲೇ ನೋಡಿಬಿಟ್ಟಿದ್ದೆ. "ಎಡಗಾಲು. ಎಂದಿನಿಂದ?" ಅಂದೆ, ಬಾ ಕೂಡು ಅನ್ನುವುದಕ್ಕೂ ಮೊದಲು. ಮಲಗಿಸಿ ಒತ್ತಿ ನೋಡಿದೆ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ನಾನೇ ಕೇಳಿದೆ, "ಕ್ಯಾಂಪಿನ ಡಾಕ್ಟರಿಗೆ ಹೇಳ್ಲೇನ?" ನೀನು ಉಪ್ಪಿನ ಗಂಟು ಒತ್ತುತ್ತಲೇ, "ಈಗ ಹೇಳಿದ್ರ ನಿನ್ನ ಮುಂದಿನ ಬ್ಯಾಚಿಗೆ ತಳ್ತಾರ. ತರಬೇತಿ ಇನ್ನ ಮೂರ ವಾರ ಐತಿ. ತಡಕೊ ನನ್ನವ್ವ" ಅಂದೆ. ನರ್ಸಿಂಗ್ ಕಾಲೇಜಿನಲ್ಲಿ ಟೋಪಿ ಹಾಕುವ ಸಮಾರಂಭಕ್ಕೆ ನೂರಾ ಮೂರು ಜ್ವರದಲ್ಲಿ ನಿಂತ ಕತೆಯನ್ನು ಮತ್ತೊಮ್ಮೆ ಹೇಳಿದೆ. ನಾನು ತಡೆದುಕೊಂಡೆ.

ಎರಡು ವಾರ ತಡೆದುಕೊಂಡೆ. ಮೂರನೆಯ ವಾರ ಮರದ ಗೋಡೆ ಹತ್ತುವ ಕಡೆ ಕಾಲು ಮೇಲೇಳಲಿಲ್ಲ. "ಆಗುವುದಿಲ್ಲ" ಅಂದೆ. ಹತ್ತುತ್ತೀಯಾ ಎಂದು ತರಬೇತುದಾರರು ಮೂರು ಸಲ ಕೇಳಿದರು, ಮೂರು ಸಲವೂ ಅದನ್ನೇ ಅಂದೆ. ಯಾಕೆ ಆಗುವುದಿಲ್ಲ ಎಂದು ಕೇಳಿದಾಗ ಬಾಯಿಗೆ ಬೀಗ ಹಾಕಿಕೊಂಡೆ. ಮನೆಗೆ ಕಳಿಸುವ ದಿನ ಡಾಕ್ಟರ್ "ಎಲ್ಲಾದರೂ ನೋವಿದೆಯಾ?" ಎಂದಾಗಲೂ ಇಲ್ಲ ಅಂದೆ. ಅಷ್ಟು ಹೊತ್ತಿಗೆ ಯಾರ ಮುಖವನ್ನೂ ನೋಡಲಾಗದೆ ಹೊರಗೆ ಹೋದರೆ ಸಾಕಾಗಿತ್ತು. ಕಾಗದದಲ್ಲಿ ಬರೆದರು: ತರಬೇತಿಗೆ ತಕ್ಕವಳಲ್ಲ, ಮುಂದುವರಿಯುವ ಮನಸ್ಸಿಲ್ಲ. ಅದರ ಕೆಳಗೆ ನಾನು ಸಹಿ ಮಾಡಿದೆ. ಹೌದು, ಸುಳ್ಳು ಹೇಳಿದೆ. ಸುಳ್ಳು ಹೇಳಿದರೆ ಮೂಳೆ ಕೂಡಿಕೊಳ್ಳುತ್ತದೆಯೇ?

ಮನೆಗೆ ಬಂದ ಹನ್ನೆರಡನೆಯ ದಿನ ಸ್ಕ್ಯಾನ್ ಆಯಿತು. ಸೊಂಟದ ಕೀಲಿನ ಹತ್ತಿರ, ತೊಡೆಮೂಳೆಯಲ್ಲಿ ಬಿರುಕು. ನೀನು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ. ಕಾರಿನಲ್ಲಿ ನನ್ನ ಸೀಟನ್ನು ನೀನೇ ಹಿಂದಕ್ಕೆ ಬಾಗಿಸಿದೆ. ಒಂದು ತಿಂಗಳ ಮೇಲೆ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ ಯಾರೋ ಆಂಟಿ "ರೂತ್ ಯಾಕ ಆರ್ಮಿ ಬಿಟ್ಲು?" ಎಂದು ಕೇಳಿದರು. ನಾನು ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ನಿನ್ನ ಹಿಂದೆಯೇ ನಿಂತಿದ್ದೆ. ನೀನು ಬಿಸ್ಕಿಟ್ ತಟ್ಟೆ ಸರಿಸುತ್ತ, "ಅಕಿಗೆ ಒಗ್ಗಲಿಲ್ಲ ಬಿಡ್ರಿ" ಅಂದೆ. ಅವ್ವ, ಆ ಗೋಡೆಯ ಮುಂದೆ ನಿಂತಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ಯಾಕೆ ಹಾಗೆ ಅಂದೆ? ನಿನ್ನ ನರ್ಸ್ ರಿಜಿಸ್ಟ್ರೇಶನ್ನಿಗೆ ಕುತ್ತು ಬರುತ್ತದೆ ಎಂದೇ? ಇಲ್ಲ, ಬಾಯಿಬಿಟ್ಟು ಹೇಳುವಷ್ಟು ಧೈರ್ಯ… ಹೋಗಲಿ. ಆಗಲೇ ಜಗಳವಾಡಬೇಕಿತ್ತು. ಆಡಲಿಲ್ಲ. ಅದೇ ಚಳಿಗಾಲದಲ್ಲಿ ನೀನು ಡ್ಯೂಟಿ ಮುಗಿಸಿ ಬಂದು, ಒಂದು ಬೂಟು ಬಿಚ್ಚಿ, ಇನ್ನೊಂದನ್ನು ಬಿಚ್ಚದೆಯೇ ಕುಸಿದು, ನಮ್ಮನ್ನು ಬಿಟ್ಟು ಹೋಗಿಬಿಟ್ಟೆ. ನಿನಗೆ ಹ್ಯಾಂಡೋವರ್ ಕೊಡಲಿಕ್ಕೂ ಪುರುಸೊತ್ತಾಗಲಿಲ್ಲ.

ನೀನು ಹೋದ ಮೇಲೆ ಆಂಬುಲೆನ್ಸ್ ಕೆಲಸಕ್ಕೆ ಅರ್ಜಿ ಹಾಕಲು ಕುಳಿತೆ. ಸೈನ್ಯದಲ್ಲಿದ್ದಿರಾ, ಯಾಕೆ ಬಿಟ್ಟಿರಿ, ಕಾಗದ ಲಗತ್ತಿಸಿ ಎಂದಿತ್ತು. 'ಮನಸ್ಸಿಲ್ಲ' ಎಂಬ ಪದವನ್ನು ಲಗತ್ತಿಸಬೇಕು. ಲ್ಯಾಪ್‌ಟಾಪ್ ಮುಚ್ಚಿದೆ. ಮರುದಿನವೇ ಸೈನ್ಯಕ್ಕೆ ಬರೆದೆ: ನನಗೆ ಮನಸ್ಸಿತ್ತು, ಮುರಿದದ್ದು ಮೂಳೆ, ಕಾಗದ ಬದಲಿಸಿ. ಉತ್ತರ ಸಭ್ಯವಾಗಿಯೇ ಬಂತು. ಸ್ಕ್ಯಾನ್ ಆದದ್ದು ಬಿಟ್ಟ ಮೇಲೆ, ಅದಕ್ಕಿಂತ ಮೊದಲಿನ ದಾಖಲೆ ಒಂದೂ ಇಲ್ಲ, ಬೇಕಿದ್ದರೆ 'ವೈಯಕ್ತಿಕ ಕಾರಣ' ಎಂದು ಬದಲಿಸಿಕೊಡಬಹುದು. ನನ್ನ ವೈಯಕ್ತಿಕ ಕಾರಣ ಯಾವುದಂತೆ, ತೊಡೆಮೂಳೆಯೇ? ಬೇಡ ಎಂದು ಬರೆದೆ. ಅಪ್ಪ ಹೇಳಿದ, "ಅಷ್ಟರೆ ಕೊಡ್ತಾರಲ್ಲ, ತಗೋ. ಗುದ್ದ್ಯಾಡಿ ಗಂಧ ಹಚ್ಕೊಳ್ಳೋದು ಯಾಕ?" ಅದು ನಿನ್ನದೇ ಮಾತು, ನಿನ್ನ ಹಾಗೆಯೇ ಕೈ ತಿರುಗಿಸಿ ಹೇಳಿದ.

ಮೊದಲಿನ ದಾಖಲೆ ಎಂಬ ಪದ ತಲೆಯಲ್ಲಿ ಸುತ್ತುತ್ತಲೇ ಇತ್ತು. ಒಂದು ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದವಳಿಗೆ ಫ್ರಿಜ್ಜಿನ ಪಕ್ಕದ ಖಾಲಿ ಮೊಳೆ ಕಂಡಿತು. ನೋಟ್‌ಬುಕ್ ನೋಡಲಾಗುವುದಿಲ್ಲವೆಂದು ಅಪ್ಪ ಅದನ್ನು ನಿನ್ನ ಸೀರೆಗಳ ಸೂಟ್‌ಕೇಸಿನಲ್ಲಿ ಇಟ್ಟಿದ್ದ. ಕಾವಲಿ ಇಳಿಸಿ ಓಡಿದೆ. ನೀನು ಬದುಕಿದ್ದಾಗ ಅದರಲ್ಲಿ ಬರೆಯುತ್ತಿದ್ದೆವೇ ಹೊರತು ನೀನು ಬರೆದದ್ದನ್ನು ನಾವ್ಯಾರೂ ಓದುತ್ತಿರಲಿಲ್ಲ. ಬಿಪಿ ಬಿಟ್ಟು ಇನ್ನೇನಿರುತ್ತದೆ ಎಂದುಕೊಂಡಿದ್ದೆವು. ಆ ಶನಿವಾರದ ತಾರೀಖು ಇತ್ತು, ಅವ್ವ. ಸಂಜೆ ನಾಲ್ಕು ಹತ್ತು. ಎಡ ಸೊಂಟ, ತೊಡೆಸಂದು. ಐದು ದಿನದ ಹಿಂದೆ ತರಬೇತಿಯ ಮಾರ್ಚಿನಲ್ಲಿ ಬಿದ್ದದ್ದು. ನೋವು ಹತ್ತಕ್ಕೆ ಎಂಟು. ಎಡಗಾಲಿನ ಮೇಲೆ ಭಾರ ಹಾಕಲಾಗುತ್ತಿಲ್ಲ. ಶಾಖ ಕೊಟ್ಟಿದೆ. ಕೆಳಗೆ ನಿನ್ನ ಸಹಿ.

ಅದರ ಕೆಳಗೆ ಇನ್ನೊಂದು ಸಾಲು ಬೇರೆ ಪೆನ್ನಿನಲ್ಲಿತ್ತು, ಸ್ಕ್ಯಾನ್ ಆದ ದಿನದ ತಾರೀಖಿನಲ್ಲಿ. ವಾರ್ಡಿನಲ್ಲಿ ಬರೆಯಲು ಮರೆತದ್ದನ್ನು ಆಮೇಲೆ ಸೇರಿಸುವಾಗ ನೀವು ನರ್ಸುಗಳು ಹಾಗೆಯೇ ಬರೆಯುತ್ತೀರಲ್ಲ: "ತಡವಾಗಿ ಬರೆದದ್ದು. ಕ್ಯಾಂಪಿನ ಡಾಕ್ಟರಿಗೆ ಹೇಳಬೇಡ ಎಂದು ನಾನೇ ಹೇಳಿದೆ. ರೂತ್ ಕೇಳಿದ್ದಳು." ಅದಕ್ಕೂ ಸಹಿ. ನಾನು ಸೂಟ್‌ಕೇಸಿನ ಪಕ್ಕ ನೆಲದ ಮೇಲೆ ಕುಳಿತು ಜೋರಾಗಿ ಅತ್ತೆ, ನಿನ್ನನ್ನು ಜೋರಾಗಿ ಬೈದೆ ಕೂಡ. ಚರ್ಚಿನ ಆಂಟಿಗೆ ಹೇಳಲಾಗದ್ದನ್ನು ಇಲ್ಲಿ ಬರೆದು ದಾರ ಕಟ್ಟಿ ಎಲ್ಲರ ಕಣ್ಣೆದುರು ತೂಗುಹಾಕಿದ್ದೆಯಲ್ಲ! ಒಮ್ಮೆ ಓದು ಎಂದಿದ್ದರೆ ಆಗುತ್ತಿರಲಿಲ್ಲವೇ?

ಅಪ್ಪನಿಗೆ ತೋರಿಸಿದೆ. ಎರಡು ಸಲ ಓದಿ ಕನ್ನಡಕ ತೆಗೆದ. "ಮ್ಯಾಲಿನ್ದು ಕೊಡು. ಈ ಸಾಲಿನ ಮ್ಯಾಲೆ ಒಂದ ಕಾಗದ ಇಟ್ಟು ಝೆರಾಕ್ಸ್ ಮಾಡು. ಸತ್ತಾಕಿ ಹೆಸರು ಕೆಡಸಬ್ಯಾಡ ರೂತಿ. ನರ್ಸ್ ಆಗಿ ಮಗಳಿಗೆ ಹಿಂಗ ಹೇಳಿದ್ಲು ಅಂತ ಆ ಮಂದಿ ನಗಬೇಕೇನು?" ನಾಲ್ಕು ದಿನ ನಾವಿಬ್ಬರೂ ಮಾತಾಡಲಿಲ್ಲ. ಅವನ ಮಾತಿನಲ್ಲಿ ಏನೂ ಇಲ್ಲವೆಂದಲ್ಲ. ಆ ಸಾಲು ನಿನ್ನನ್ನಷ್ಟೇ ಅಲ್ಲ, ನನ್ನನ್ನೂ ಮುಳುಗಿಸಬಹುದಿತ್ತು, ಬೇಕೆಂದೇ ಮುಚ್ಚಿಟ್ಟಳು ಅನ್ನಲು ಅವರಿಗೆ ಅಷ್ಟು ಸಾಕು. ಆದರೆ ನಿನ್ನ ಪುಟದ ಮೇಲೆ ಕಾಗದ ಇಟ್ಟು ಮುಚ್ಚುವ ಕೈ ನನಗಿಲ್ಲ. ಅದಕ್ಕೂ ವೈಟ್ನರಿಗೂ ಏನು ವ್ಯತ್ಯಾಸ, ನೀನೇ ಹೇಳು. ಕನ್ನಡದ ಸಾಲುಗಳನ್ನು ಅನುವಾದ ಮಾಡಿಸಿ, ನೋಟ್‌ಬುಕ್ಕನ್ನೇ ತೆಗೆದುಕೊಂಡು ಹೋದೆ.

ವೆಲ್ಲಿಂಗ್ಟನ್ನಿನ ಸೈನ್ಯದ ಕಚೇರಿಯ ಒಂದು ಕೋಣೆಯಲ್ಲಿ ನನ್ನ ಮನವಿ ಕೇಳಲು ಮೂವರು ಕುಳಿತಿದ್ದರು, ಅವರಲ್ಲೊಬ್ಬರು ಡಾಕ್ಟರ್. ನನ್ನ ಜೊತೆ ಮೆಲೆ ಆಂಟಿ ಬಂದಿದ್ದಳು. ನಿನ್ನ ಸಮೋವಾ ಗೆಳತಿ, ನಿನ್ನ ಜೊತೆ ಹನ್ನೊಂದು ವರ್ಷ ಅದೇ ರೆಸ್ಟ್ ಹೋಮಿನಲ್ಲಿ ಮುದುಕರನ್ನು ಎತ್ತಿ ಕೂಡಿಸಿದವಳು. ಚರ್ಚಿಗೆ ಹಾಕುವ ಬಿಳಿ ಹ್ಯಾಟು ಹಾಕಿಕೊಂಡು ಬಂದಿದ್ದಳು. ನಡುವೆ ಕುಳಿತಿದ್ದ ಅಧಿಕಾರಿ, "ನಿಮ್ಮ ತಾಯಿಯೇ ಮುಚ್ಚಿಡಲು ಹೇಳಿದ್ದಾರೆ. ಹಾಗಾದರೆ ತಪ್ಪು ನಮ್ಮದು ಹೇಗೆ?" ಎಂದರು. ನಾನಂದೆ, "ತಪ್ಪು ಯಾರದು ಎಂದು ಕೇಳಲು ನಾನು ಬಂದಿಲ್ಲ. ಅವ್ವ ತನ್ನ ತಪ್ಪನ್ನು ಬರೆದು ಸಹಿ ಮಾಡಿದ್ದಾಳೆ. ನಾನು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡು ಇಲ್ಲಿ ಕುಳಿತಿದ್ದೇನೆ. ನಿಮ್ಮ ಕಾಗದದಲ್ಲಿ ಮನಸ್ಸಿಲ್ಲ ಎಂದಿದೆ. ಮುರಿದ ಮೂಳೆಯಲ್ಲಿ ಎರಡು ವಾರ ಪ್ಯಾಕ್ ಹೊತ್ತವಳಿಗೆ ಮನಸ್ಸಿರಲಿಲ್ಲವೇ?" ಧ್ವನಿ ನಡುಗಲಿಲ್ಲ, ಅವ್ವ. ಮೇಜಿನ ಕೆಳಗೆ ಮೆಲೆ ಆಂಟಿ ನನ್ನ ಮೊಣಕಾಲು ಗಟ್ಟಿಯಾಗಿ ಹಿಡಿದಿದ್ದಳು, ಅದು ಬೇರೆ ಮಾತು.

ಆಮೇಲೆ ಡಾಕ್ಟರ್ ನಿನ್ನ ಪುಟದ ಪಕ್ಕ ಅನುವಾದವನ್ನು ಹಿಡಿದು ಓದಿದರು. "ಈ ಕೊನೆಯ ಸಾಲನ್ನು ನೀವು ಬಿಟ್ಟುಬಿಡಬಹುದಿತ್ತು" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೆಲೆ ಆಂಟಿ, "ಶಾಂತಾ ಇದ್ದಿದ್ದರೆ ಬಿಡುತ್ತಿರಲಿಲ್ಲ" ಅಂದಳು. ಡಾಕ್ಟರ್ ತಲೆಯಾಡಿಸಿ, ಪಕ್ಕದವರಿಗೆ, "ಸುಳ್ಳು ದಾಖಲೆ ಮಾಡುವವರು ತಮ್ಮ ಮೇಲೆಯೇ ಇಂಥ ಸಾಲು ಬರೆಯುವುದಿಲ್ಲ. ಇದನ್ನು ನಂಬಿದರೆ ಮೇಲಿನದ್ದನ್ನೂ ನಂಬಬೇಕು" ಎಂದರು. ಅಪ್ಪ ಮುಚ್ಚು ಅಂದ ಸಾಲೇ ನನ್ನನ್ನು ದಡ ಹತ್ತಿಸಿತು.

ಕಳೆದ ವಾರ ಪತ್ರ ಬಂತು. ಕಾಗದ ಬದಲಾಗಿದೆ, ಅವ್ವ. ತರಬೇತಿಯಲ್ಲಾದ ಗಾಯದಿಂದ ವೈದ್ಯಕೀಯ ಬಿಡುಗಡೆ. 'ಮನಸ್ಸಿಲ್ಲ' ಎಂಬುದು ಎಲ್ಲಿಯೂ ಇಲ್ಲ. ಅಪ್ಪ ಅದನ್ನು ಓದಿ, ಫ್ರಿಜ್ಜಿನ ಪಕ್ಕದ ಆ ಮೊಳೆಗೆ ಚುಚ್ಚಿದ. ಭಾನುವಾರ ಚರ್ಚಿನಲ್ಲಿ ಆ ಆಂಟಿಯನ್ನು ನಾನೇ ಹುಡುಕಿಕೊಂಡು ಹೋಗಿ ಹೇಳಿದೆ, "ಆಂಟಿ, ನನಗ ಒಗ್ಗಲಿಲ್ಲ ಅಂತಲ್ಲ. ಮೂಳಿ ಸೀಳಿತ್ತು. ಅವ್ವ ಹೇಳಬ್ಯಾಡ ಅಂದ್ಲು, ನಾ ಹೇಳಲಿಲ್ಲ." ಹೇಳಿ, ಬಿಸ್ಕಿಟ್ ತಟ್ಟೆಯನ್ನು ಅವರತ್ತ ಸರಿಸಿದೆ.

ಆದರೆ ಜಗಳ ಇನ್ನೂ ಮುಗಿದಿಲ್ಲ. ಆ ಪತ್ರದಲ್ಲಿ ನಿನ್ನ ಪುಟವನ್ನು 'ಕುಟುಂಬದ ಸದಸ್ಯರೊಬ್ಬರ ಡೈರಿ' ಎಂದು ಬರೆದಿದ್ದಾರೆ. ಡೈರಿಯಂತೆ. ಹೊತ್ತು ಹಾಕಿ, ನೋವಿಗೆ ಅಂಕ ಹಾಕಿ, ಸಹಿ ಮಾಡಿ ಯಾವ ಕುಟುಂಬದವರು ಡೈರಿ ಬರೆಯುತ್ತಾರೆ? ತಿದ್ದಿ ಕೊಡಿ ಎಂದು ಬರೆದಿದ್ದೇನೆ: ತಾಯಿ, ನೋಂದಾಯಿತ ನರ್ಸ್, ಶಾಂತಾ, ಅವರು ಬರೆದ ದಾಖಲೆ. ತಿದ್ದುವವರೆಗೆ ಬಿಡುವುದಿಲ್ಲ. ನೋಟ್‌ಬುಕ್ಕನ್ನೂ ವಾಪಸ್ ಕೇಳಿದ್ದೇನೆ, ಅದರಲ್ಲಿ ಇನ್ನೂ ಖಾಲಿ ಹಾಳೆಗಳಿವೆ.

ಅದು ಬರುವತನಕ ಈ ಪತ್ರದಲ್ಲೇ ಬರೆಯುತ್ತೇನೆ. ಬೆಳಿಗ್ಗೆ ಏಳೂವರೆ. ಅಪ್ಪನ ಬಿಪಿ ನೂರಾ ಮೂವತ್ತೆಂಟು, ಎಂಬತ್ತಾರು. ಗುಳಿಗೆ ತೆಗೆದುಕೊಂಡಿದ್ದಾನೆ, ಉಪ್ಪಿನಕಾಯಿ ಬಿಟ್ಟಿಲ್ಲ. ರೂತ್, ಎಡ ಸೊಂಟ, ನೋವು ಹತ್ತಕ್ಕೆ ಎರಡು, ಭಾರ ಹಾಕಿ ನಡೆಯುತ್ತಾಳೆ. ಆಂಬುಲೆನ್ಸಿನ ಅರ್ಜಿ ಇವತ್ತು ಹೋಗುತ್ತದೆ, ಕಾಗದ ಲಗತ್ತಿಸಿದೆ. ತಡವಾಗಿ ಬರೆದದ್ದು: ನಿನ್ನ ಮೇಲೆ ಸಿಟ್ಟಿತ್ತು, ಈಗ ಇಲ್ಲ.

ಸಹಿ,
ರೂತ್