ಕೇಳಿ ಹೋಗುವ ದಾರಿ

ಏಪ್ರಿಲ್ 3, ಸಂಜೆ

ಕ್ಲಿನಿಕ್‌ನ ಕಂಪ್ಯೂಟರು ಇವತ್ತೂ ಕೈಕೊಟ್ಟಿತ್ತು. ಸರಿಮಾಡಿ ಬಂದೆ. ಚಹಾ ಕುಡಿಯುತ್ತಾ ಮೇಲ್ ತೆರೆದರೆ — ನಕ್ಷೆಯ ಆ್ಯಪ್‌ಗೆ ನಾನು ಕಳಿಸಿದ ಬದಲಾವಣೆ ಸೇರಿಬಿಟ್ಟಿದೆ! ನಮ್ಮ ಗಲ್ಲಿಯಿಂದ ನ್ಯಾರ್ ಸೆಮೆ ಅಜ್ಜಿಯ ಅಂಗಳ ಹಾದು ಹೆರಿಗೆ ಕ್ಲಿನಿಕ್‌ಗೆ ಹೋಗುವ ಒಳದಾರಿ ಈಗ ಆ್ಯಪ್‌ನಲ್ಲಿದೆ. ಬದಲಾವಣೆಗಳನ್ನು ಪರಿಶೀಲಿಸುವ ಟುಮೆಲೊ ಬರೆದದ್ದು ಒಂದೇ ಪದ: 'ಮರ್ಜ್', ಅಂದರೆ ಸೇರಿಸಿದೆ ಅಂತ. ಒಂದು ಶಾಭಾಸ್ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ತಂಗಿ ಅಪೊಂಡಿ ತುಂಬಿದ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ತಿಂಗಳೇ ಹೆರಿಗೆ, ಅವಳಿಗೆ ನಗು ಮಾತ್ರ ಕಮ್ಮಿಯಿಲ್ಲ.

"ಸಂಬಳ ಇಲ್ಲ, ಸಾರಿಗೆ ಖರ್ಚೂ ಇಲ್ಲ. ಯಾಕಕ್ಕಾ ಇಷ್ಟು ಕುಣೀತೀಯ?"

"ಎಲ್ಲರೂ ಸೇರಿ ಮಾಡೋ ಆ್ಯಪ್ ಕಣೇ. ಯಾರು ಬೇಕಾದ್ರೂ ತಿದ್ದಿ ಕಳಿಸಬಹುದು. ಬೋಟ್ಸ್ವಾನಾದಲ್ಲಿ ಕೂತು ಟುಮೆಲೊ ನೋಡಿ ಸೇರಿಸ್ತಾರೆ. ನಿನ್ನಂಥವರಿಗೇ ಈ ದಾರಿ ಹಾಕಿದ್ದು. ಮಳೆ ಬಂದ್ರೆ ಮಾರ್ಕೆಟ್ ರಸ್ತೆ ಕೆರೆ ಆಗುತ್ತಲ್ಲ."

"ಅಜ್ಜಿನ ಕೇಳಿದ್ಯಾ?"

ಕೇಳುವುದೇನು ಬಂತು. ದಿನಾ ಎಲ್ಲರೂ ಓಡಾಡುವ ದಾರಿ.

ಏಪ್ರಿಲ್ 12

ಅಯ್ಯೋ ದೇವರೇ. ಅಜ್ಜಿಯ ಅಂಗಳದಲ್ಲಿ ಬಾಡಿಗೆಯ ಬೋಡಾ ಬೈಕುಗಳು! ಸವಾರರು ಆ್ಯಪ್ ನಂಬಿ ಮಾರ್ಕೆಟ್‌ನ ಗಿರಾಕಿಗಳನ್ನೆಲ್ಲ ಅಲ್ಲಿಂದಲೇ ಕರೆತರುತ್ತಿದ್ದಾರೆ. ಇವತ್ತು ಒಬ್ಬ ಬಟ್ಟೆ ಒಣಗಿಸುವ ಹಗ್ಗ ಹರಿದ, ಬಲೆಯ ಮೇಲೆ ಹರವಿದ್ದ ಒಮೆನಾ ಮೀನಿನ ಮೇಲೆಯೇ ಚಕ್ರ ಹತ್ತಿಸಿದ.

"ನನ್ನ ಮುಖಾನೂ ನೋಡಲಿಲ್ಲ ಅವನು," ಅಂದಳಂತೆ ಅಜ್ಜಿ. "ಫೋನ್ ನೋಡ್ಕೊಂಡೇ ಹೋದ."

ಗೇಟಿಗೆ ಬೀಗ ಬಿದ್ದಿದೆ. ಎಲ್ಲರಿಗೂ.

ಏಪ್ರಿಲ್ 13

ಆ್ಯಪ್‌ನಿಂದ ಆ ದಾರಿ ತೆಗೆದುಹಾಕಿ ಎಂದು ಬರೆದು ಕಳಿಸಿದೆ. ಟುಮೆಲೊ ಕೇಳಿದರು: 'ದಾರಿ ಇದೆಯೋ, ಇಲ್ಲವೋ?' ಮೈ ಉರಿಯಿತು. ಮುಂದೆ ಓದಿದೆ: 'ಇವತ್ತು ತೆಗೆದರೆ ನಾಳೆ ಇನ್ನೊಬ್ಬರು ನಡೆದು ನೋಡಿ ಮತ್ತೆ ಸೇರಿಸುತ್ತಾರೆ.'

ಮಾತು ನಿಜ. ಅದಕ್ಕೇ ಇನ್ನಷ್ಟು ಉರಿಯಿತು.

ಏಪ್ರಿಲ್ 15

ಅಜ್ಜಿಯ ಗೇಟಿನ ಹೊರಗೆ ನಿಂತು, "ತಪ್ಪಾಯ್ತು ಅಜ್ಜಿ, ಬೀಗ ತೆಗೀರಿ, ತಂಗಿಗೆ ದಿನ ತುಂಬ್ತಾ ಇದೆ," ಎಂದು ಒಂದೇ ಉಸಿರಿಗೆ ಅಂದೆ.

"ರಾತ್ರಿ ಹೇಗೆ ಮಲಗಿದ್ದೆ ಅಂತ ಕೇಳಿದ್ಯೇನೇ?"

ಕೇಳಿದೆ. ಮಂಡಿ ನೋವು, ಪಕ್ಕದ ಮನೆ ಹುಂಜ, ಸೋರುವ ತಗಡು — ಎಲ್ಲ ಬಂತು. ನಿಂತೇ ಕೇಳಿದೆ.

"ಈಗ ಹೇಳು, ಏನು ಬೇಕು?"

"ದಾರಿ."

"ನಿಮ್ಮಮ್ಮನ ಕಾಲದಿಂದ ಹೆಂಗಸರು ಹೀಗೇ ಕೇಳ್ಕೊಂಡು ಹೋಗ್ತಾರೆ. ಮೊದಲು ನನ್ನ ಕ್ಷೇಮ, ಆಮೇಲೆ ದಾರಿ. ಮಾತಾಡಿಸದೆ ನುಗ್ಗೋಳು ಅಂದ್ರೆ ನೀನೊಬ್ಬಳೇ, ಕಂಪ್ಯೂಟರಮ್ಮ! ಆ ಫೋನಿಗೆ ಬುದ್ಧಿ ಬರೋ ತನಕ ಬೀಗ ತೆಗಿಯಲ್ಲ."

ನನಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ನಾನೂ ಫೋನ್ ನೋಡಿಕೊಂಡೇ ಹೋಗುತ್ತಿದ್ದೆ... ಎಷ್ಟು ವರ್ಷದಿಂದಲೋ.

ಏಪ್ರಿಲ್ 19

ಆ್ಯಪ್‌ಗೆ ಹೊಸ ಬಗೆಯ ದಾರಿಯನ್ನೇ ಬರೆದೆ. ಹೆಸರು 'ಕೇಳಿ ಹೋಗುವ ದಾರಿ'. ಇದರ ಮೇಲೆ ಬೈಕು, ಕಾರು ಕಳಿಸುವುದಿಲ್ಲ. ನಡೆದು ಬರುವವರಿಗೆ ಮಾತ್ರ. ಅವರಿಗೂ ಗೇಟಿನ ಬಳಿ ಒಂದು ಸೂಚನೆ.

ಟುಮೆಲೊ ಎರಡು ಸಲ ಹಿಂದಕ್ಕೆ ಕಳಿಸಿದರು. ಕೋಡ್‌ನಲ್ಲಿ ಹೆಸರಿಡುವ ಕ್ರಮ ತಪ್ಪು. ಟೆಸ್ಟ್ ಮಾಡಿ ನೋಡಿದ್ದು ಸಾಲದು. ಕೊನೆಗೆ: 'ಯಾರನ್ನು ಕೇಳಬೇಕು? ಏನೆಂದು?'

ಅಜ್ಜಿಯ ಮಾತನ್ನೇ ಸೂಚನೆಯಾಗಿ ಹಾಕಿ ಕಳಿಸಿದೆ: 'ಮೊದಲು ಮನೆಯವರ ಕ್ಷೇಮ ಕೇಳಿ. ಆಮೇಲೆ ದಾರಿ ಕೇಳಿ.' ಬೀಗದ ಕಥೆ, ತಂಗಿಯ ವಿಷಯ, ಎಲ್ಲ ಬರೆದೆ.

ಉತ್ತರವಿಲ್ಲ. ಅಪೊಂಡಿಯ ಕಾಲು ಊದಿದೆ. ಮೋಡ ನೋಡಿದರೆ ಹೆದರಿಕೆ.

ಏಪ್ರಿಲ್ 22

'ಅವೀನೊ ಅವರೇ, ಹೇಗಿದ್ದೀರಿ? ತಂಗಿ ಹೇಗಿದ್ದಾರೆ? ನಾನು ಇಷ್ಟು ದಿನ ಇದನ್ನು ಕೇಳಲೇ ಇಲ್ಲ. ಮಾತಾಡಿಸದೆ ಯಾರ ಅಂಗಳಕ್ಕಾದರೂ ಕಾಲಿಟ್ಟಿದ್ದರೆ ನಮ್ಮಮ್ಮ ನನಗೆ ಚಳಿ ಬಿಡಿಸುತ್ತಿದ್ದರು. ಸೇರಿಸಿದ್ದೇನೆ.'

ಟುಮೆಲೊ! ಕಣ್ಣು ತುಂಬಿತು. ಓಡಿಹೋಗಿ ಅಜ್ಜಿಗೆ ತೋರಿಸಿದೆ. (ಮೊದಲು ಮಂಡಿ ಹೇಗಿದೆ ಎಂದು ಕೇಳಿದೆ.) ಕನ್ನಡಕ ಹಾಕಿಕೊಂಡು ಓದಿದಳು.

"ಅಕ್ಷರ ಸಣ್ಣದಾಯ್ತು," ಅಂದಳು. "ನೋಡೋಣ, ಬೈಕು ನಿಲ್ಲುತ್ತೋ ಇಲ್ವೋ."

ಬೀಗ ತೆಗೆಯಲಿಲ್ಲ.

ಏಪ್ರಿಲ್ 25, ಬೆಳಿಗ್ಗೆ, ಕ್ಲಿನಿಕ್ ಜಗಲಿ

ತಂಗಿ ಒಳಗಿದ್ದಾಳೆ. ಸುಮ್ಮನೆ ಕೂರಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಕು ಹರಿಯುವಾಗ ಅಪೊಂಡಿಗೆ ನೋವು ಶುರುವಾಯಿತು. ಜಡಿಮಳೆ. ಮಾರ್ಕೆಟ್ ರಸ್ತೆ ಮುಳುಗಿದೆ, ಯಾವ ಬೈಕೂ ಬರಲೊಪ್ಪಲಿಲ್ಲ. ಅಜ್ಜಿಯ ಗೇಟಿಗೆ ಬಂದರೆ — ಬೀಗ. ಎರಡೂ ಕೈಯಲ್ಲಿ ಬಡಿದೆ. "ಅಜ್ಜೀ, ಬೀಗ! ಬೇಗ!" ಇನ್ನೂ ಜೋರಾಗಿ ಬಡಿದೆ.

ಅಪೊಂಡಿ ನನ್ನನ್ನು ಪಕ್ಕಕ್ಕೆ ತಳ್ಳಿದಳು. ಸರಳು ಹಿಡಿದು ನೋವು ಇಳಿಯುವವರೆಗೆ ಕಾದಳು. ಆಮೇಲೆ ಮೆಲ್ಲಗೆ, "ಅಜ್ಜೀ, ರಾತ್ರಿ ಚೆನ್ನಾಗಿ ಮಲಗಿದ್ರಾ?"

"ಮಲಗಿದ್ದೆ ಮಗಳೇ," ಒಳಗಿಂದ ದನಿ. ಜೊತೆಗೇ ಬೀಗದ ಕೈ ಸದ್ದು. "ನೀನು?"

"ಇಲ್ಲ ಅಜ್ಜಿ."

"ಗೊತ್ತಾಯ್ತು. ಬಾ, ನನ್ನ ಹೆಗಲು ಹಿಡ್ಕೋ."

ಅಂಗಳ ದಾಟುವವರೆಗೂ ಕೊಡೆ ಅಪೊಂಡಿಗೇ ಹಿಡಿದಳು. ತಾನು ನೆನೆದರೂ ಸರಿ, ನಾನು ನೆನೆದರೂ ಸರಿ ಅಂತ.

ಈಗ ಅಜ್ಜಿ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದಾಳೆ, ಬಟ್ಟೆಯಲ್ಲ, ಮಳೆಯನ್ನೇ ಉಟ್ಟವಳ ಹಾಗೆ ನೀರಿಳಿಯುತ್ತಾ. ಬೀಗ ಅವಳ ಮಡಿಲಲ್ಲಿದೆ. ಗೇಟು ತೆರೆದೇ ಇದೆಯಂತೆ.

"ಏನೇ ಅದು, ಗೀಚ್ತಾ ಇರೋದು?"

"ದಾರಿ ವಿಷಯ, ಅಜ್ಜಿ."

"ಬರಿ, ಬರಿ. ಆದ್ರೆ ನೀನು ಇವತ್ತೂ ನನ್ನ ಕೇಳಲಿಲ್ಲ."

ಹೌದಲ್ಲ! ಪೆನ್ನು ಕೆಳಗಿಟ್ಟು ಕೇಳಿದೆ. ಮಂಡಿಯಿಂದ ಶುರು ಮಾಡಿದ್ದಾಳೆ. ಈಗ ಹುಂಜದ ತನಕ ಬಂದಳು, ಅಷ್ಟರಲ್ಲಿ ಒಳಗಿಂದ ಅಳು — ಸಣ್ಣದು, ಹೊಸದು — ಅಜ್ಜಿ ಎದ್ದು ನನ್ನ ಕೈ ಹಿಡಿದು ಒಳಗೆ ಎಳೆಯುತ್ತಿದ್ದಾಳೆ.