ಒಂದೇ ಗಳಿಗೆ

ಇಂಡಸ್ಟ್ರಿಯಲ್ ಏರಿಯಾ, ದೋಹಾ
14 ನವೆಂಬರ್ 2025, ಶುಕ್ರವಾರ

ಮುದ್ದಿನ ಮಗಳು ವೇದಾಳಿಗೆ,

ಅಪ್ಪನ ಆಶೀರ್ವಾದಗಳು. ಮದುವೆಗೆ ಯಾವಾಗ ಬರುತ್ತೀಯೆಂದು ನೀನು ಮೂರು ಸಲ ಕೇಳಿದ ಮೇಲೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಆ ಮಾತು ಬಂದರೆ ನಾನು ಬೇರೆ ಏನೋ ಕೇಳಿ ಇಟ್ಟುಬಿಡುತ್ತೇನೆ.

ಯಾರ್ಡಿನಲ್ಲಿ ಕ್ರೇನಿನಿಂದ ಇಳಿಸುತ್ತಿದ್ದ ಪೈಪು ನಮ್ಮ ಜೊತೆ ಕೆಲಸದ ಉಳ್ಳಾಲದ ಸಫ್ವಾನನ ಕಾಲ ಮೇಲೆ ಇಳಿದು ಎಂಟು ತಿಂಗಳಾಯಿತು. ಇಳಿಸು ಎಂದು ಕ್ರೇನಿನವನಿಗೆ ಸನ್ನೆ ಕೊಟ್ಟವನು ನಾನು. ವಿಚಾರಣೆ ಮುಗಿಯುವವರೆಗೆ ದೇಶ ಬಿಡುವಂತಿಲ್ಲ, ಕೆಲಸಕ್ಕೂ ಸೇರಿಸುವುದಿಲ್ಲ. ಮಂಚದಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಎಷ್ಟು ಸಲ ನಡೆದರೂ ಅಷ್ಟೇ.

ನನ್ನನ್ನು ಹೊರಗೆಳೆದವನು ರೂಮಿನ ಗೇಬ್ರಿಯಲ್, ಮಂಗಳೂರಿನವನು. ಜರ್ಮನಿಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯ ಹಳೇ ಕಾಲದ ಕತ್ತಿವರಸೆ ಕಲಿತನಂತೆ. ಶುಕ್ರವಾರ ಬೆಳಗ್ಗೆ ಖಾಲಿ ಗೋದಾಮಿನಲ್ಲಿ ನಾಲ್ಕೈದು ಜನಕ್ಕೆ ಕಲಿಸುತ್ತಾನೆ. ಎರಡೂ ಕೈಯಲ್ಲಿ ಹಿಡಿಯುವ ಉದ್ದನೆಯ ಕತ್ತಿ, ನಮಗೆ ಪ್ಲಾಸ್ಟಿಕ್ಕಿನದು. ಐವತ್ನಾಲ್ಕರ ನಿನ್ನಪ್ಪ ಮುಖಕ್ಕೆ ಜಾಲರಿ ಹಾಕಿಕೊಂಡು ನಿಂತದ್ದನ್ನು ನೋಡಿದ್ದರೆ ನೀನು ನಗುತ್ತಿದ್ದೆ.

ಅದರಲ್ಲಿ ಗಳಿಗೆಯೇ ಎಲ್ಲ. ಮೊದಲು ನುಗ್ಗಿ ಎದುರಾಳಿಗೆ ಬಿಡುವು ಕೊಡದಿರುವುದು ‘ಫೋರ್’. ಅವನ ಹೊಡೆತ ಬಂದ ಮೇಲೆ ಉತ್ತರ ಕೊಡುವುದು ‘ನಾಖ್’. ಕತ್ತಿಗೆ ಕತ್ತಿ ತಾಗಿರುವಾಗಲೇ ಅವನ ಬಲವನ್ನು ಕೈಯಲ್ಲಿ ಅರಿತು, ಅವನು ಇನ್ನೂ ನಡೆಯುತ್ತಿರುವಾಗಲೇ ನಾವೂ ನಡೆಯುವುದು ‘ಇಂಡೆಸ್’. ಅದು ನಮಗೆ ಬರುವುದಿಲ್ಲ; ಇಬ್ಬರೂ ಒಟ್ಟಿಗೆ ಹೊಡೆದುಕೊಳ್ಳುತ್ತೇವೆ. “ನಿಜವಾದ ಕತ್ತಿಯಾದರೆ ಎರಡೂ ಹೆಣ” ಎನ್ನುತ್ತಾನೆ ಗೇಬ್ರಿಯಲ್.

ಎರಡು ವಾರದ ಹಿಂದೆ ನಾನೂ ಅವನೂ ಹಾಗೇ ಹೊಡೆದುಕೊಂಡೆವು. “ಒಟ್ಟಿಗೇ ಆಯ್ತಲ್ಲ” ಎಂದೆ. ಗೋಡೆಗೆ ಒರಗಿಸಿದ್ದ ಫೋನಿನ ವಿಡಿಯೊವನ್ನು ನಿಧಾನ ಮಾಡಿ ತೋರಿಸಿದ.

“ಒಟ್ಟಿಗೆ ಅಲ್ಲ ಮಾರಾಯ್ರೆ. ನನ್ನ ಕತ್ತಿ ಬರುವುದು ನಿಮಗೆ ಕಂಡಿದೆ. ತಲೆ ತಿರುಗಿದೆ ನೋಡಿ. ಕಂಡ ಮೇಲೂ ಹೊಡೆದದ್ದು ನೀವು.”

ನಾನು ಜಾಲರಿ ತೆಗೆದು ನೆಲದ ಮೇಲೆ ಕೂತುಬಿಟ್ಟೆ. “ಪೆಟ್ಟಾಯ್ತಾ?” ಎಂದ. ಇಲ್ಲ ಎಂದೆ.

ಡಿಸೆಂಬರ್ ಏಳಕ್ಕೆ ನಾನು ಬರಲಾರೆ, ಮಗಳೇ. ದೊಡ್ಡಪ್ಪ ದೊಡ್ಡಮ್ಮ ನಿಂತು ಧಾರೆ ಎರೆಯಲಿ. ಅಮ್ಮನಿಗೆ ನೀನೇ ನಿಧಾನವಾಗಿ ಹೇಳು. ನೀವಿಬ್ಬರೂ ನೂರು ಕಾಲ ನೆಮ್ಮದಿಯಾಗಿ ಬಾಳಿ.

ಇಂತಿ ನಿನ್ನ ಅಪ್ಪ,
ಮುನಿಯಪ್ಪ

ತಾ.ಕ.: ನನ್ನನ್ನು ಇಲ್ಲಿ ಹಿಡಿದಿಟ್ಟಿರುವವನು ನಾನೇ. ನಾನು ಸನ್ನೆ ಕೊಟ್ಟ ಗಳಿಗೆಯಲ್ಲೇ ಸಫ್ವಾನ್ ಪೈಪಿನ ಕೆಳಗೆ ಕಾಲಿಟ್ಟ ಎಂದು ಹೇಳಿಕೆ ಕೊಟ್ಟಿದ್ದೆ. ತಪ್ಪೆಲ್ಲ ಅವನದೆಂದು ಕೇಸು ಮುಗಿಯುವುದರಲ್ಲಿತ್ತು. ಆ ವಿಡಿಯೊ ನೋಡಿದ ಮೇಲೆ ಭಾನುವಾರ ಹೋಗಿ ಹೇಳಿಕೆ ಬದಲಿಸಿದೆ. ಅವನು ಬರುವುದು ನನಗೆ ಕಂಡಿತ್ತು. ದಾಟಿಬಿಡುತ್ತಾನೆ ಅಂದುಕೊಂಡು ಸನ್ನೆ ಕೊಟ್ಟೆ. ಈಗ ವಿಚಾರಣೆ ಮೊದಲಿಂದ ಶುರು. ಸಫ್ವಾನನ ರೂಮಿಗೂ ಹೋಗಿ ಹೇಳಿದೆ. ಅವನು ಊರುಗೋಲನ್ನು ಪಕ್ಕಕ್ಕೆ ಸರಿಸಿ ನನಗೆ ಕೂರಲು ಜಾಗ ಮಾಡಿದ. “ನೀವು ನನ್ನನ್ನು ನೋಡಿದ್ದನ್ನು ನಾನೂ ನೋಡಿದ್ದೆ ಅಣ್ಣ. ಹೇಳಿದರೆ ಯಾರೂ ನಂಬಲಿಲ್ಲ” ಎಂದ.